ಪ್ರಾರ್ಥನೆಯ ಲೆಕ್ಕದ ಪುಸ್ತಕ

ಪ್ರಾರ್ಥನೆಗಳನ್ನು ಬರೆದಿಡಲು ಶುರು ಮಾಡಿದ್ದು ನಂಬಿಕೆ ಬಿಡಬೇಕು ಅಂತ ಅಲ್ಲ. ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳೋಣ ಅಂತ. ನನಗೆ ದೇವರ ಮೇಲೆ ನಂಬಿಕೆ ಇತ್ತು, ವಿಜ್ಞಾನದ ಮೇಲೂ ಇತ್ತು. ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಬೇಡಿಕೊಳ್ಳುತ್ತಿದ್ದೆ, ರಾತ್ರಿ ಕಪ್ಪು ಕುಳಿಗಳ ಬಗ್ಗೆ ಓದುತ್ತಿದ್ದೆ. ಒಂದೇ ಮನೆಯಲ್ಲಿ ಬೇರೆ ಬೇರೆ ಬಾಗಿಲಿನಿಂದ ಓಡಾಡುವ ಇಬ್ಬರು ಬಾಡಿಗೆದಾರರ ಹಾಗೆ ಎರಡೂ ಒಂದಕ್ಕೊಂದು ಎದುರಾಗದೆ ಇದ್ದವು. ತುಂಬಾ ಜನ ಹೀಗೇ ಬದುಕುತ್ತಾರೆ, ಅದರಿಂದ ಅಂಥ ತೊಂದರೆ ಏನೂ ಆಗೋದಿಲ್ಲ.

ಕೆಣಕಿದ್ದು ಒಬ್ಬ ಗೆಳೆಯ. ಯಾವುದೋ ಬೇಡಿಕೆ ಫಲಿಸಿದ ಕಥೆಯನ್ನು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು, "ಫಲಿಸದೆ ಹೋದವುಗಳ ಲೆಕ್ಕ ಎಲ್ಲಿಟ್ಟಿದ್ದೀಯ?" ಅಂದ. ಆಮೇಲೆ ಡಯಾಗೊರಸ್‌ನ ಕಥೆ ಹೇಳಿದ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ, ದೇವರನ್ನು ನಂಬದವನು ಅಂತ ಹೆಸರಾಗಿದ್ದವನು. ಬಿರುಗಾಳಿಗೆ ಸಿಕ್ಕು, ಹರಕೆ ಹೊತ್ತು, ಬದುಕಿ ಬಂದ ನಾವಿಕರು ಒಪ್ಪಿಸಿದ ಚಿತ್ರಗಳನ್ನು ಅವನಿಗೆ ಯಾರೋ ತೋರಿಸಿದರಂತೆ. ನೋಡು, ಇಷ್ಟು ಜನರನ್ನು ದೇವರು ಕಾಪಾಡಿದ್ದಾನೆ ಅಂದರಂತೆ. ಹೌದು, ಆದರೆ ಮುಳುಗಿ ಸತ್ತವರ ಚಿತ್ರಗಳು ಎಲ್ಲೂ ಇಲ್ಲವಲ್ಲ ಅಂದನಂತೆ ಅವನು. ಇದನ್ನು ಬರೆದಿಟ್ಟವನು ರೋಮಿನ ಸಿಸೆರೊ, 2000 ವರ್ಷಗಳಿಗೂ ಹಿಂದೆ.

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಿದ್ದರೆ ಬರುವ ಸಿಟ್ಟು ಇದೆಯಲ್ಲ, ಅದು. ಸರಿ, ಲೆಕ್ಕ ಇಟ್ಟೇ ಬಿಡೋಣ, ಮುಳುಗಿದವರದ್ದೂ ಬರೆಯೋಣ, ಬದುಕಿದವರದ್ದೂ ಬರೆಯೋಣ ಅಂತ ಒಂದು ನೋಟ್‌ಬುಕ್ ತೆಗೆದುಕೊಂಡೆ.

ಒಂದು ನಿಯಮ ಮಾಡಿಕೊಂಡೆ. ಏನೇ ಬೇಡಿಕೊಂಡರೂ ಫಲ ಗೊತ್ತಾಗುವುದಕ್ಕೆ ಮೊದಲೇ ಬರೆಯಬೇಕು. ಇದು ನನ್ನ ಸ್ವಂತ ಉಪಾಯ ಏನಲ್ಲ. ಹೊಸ ಔಷಧಿಯನ್ನು ಪರೀಕ್ಷೆ ಮಾಡುವವರು ಏನನ್ನು ಅಳೆಯುತ್ತೇವೆ ಅಂತ ಮೊದಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಪ್ರಕಟಿಸೋದಿಲ್ಲ ಅಂತ ದೊಡ್ಡ ವೈದ್ಯಕೀಯ ಪತ್ರಿಕೆಗಳು 2005ರಿಂದ ಪಟ್ಟು ಹಿಡಿದಿವೆ. ಕಾರಣ ಸರಳ. ಫಲಿತಾಂಶ ಬಂದ ಮೇಲೆ ನಾವು ಹುಡುಕುತ್ತಿದ್ದದ್ದು ಇದನ್ನೇ ಅಂತ ಹೇಳಿಕೊಳ್ಳುವುದು ಮನುಷ್ಯನಿಗೆ ಬಹಳ ಸುಲಭ. ಹಾಗಾಗಿ ನನ್ನ ಪುಟದಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ. ಏನು ಬೇಡಿಕೊಂಡೆ. ಯಾವಾಗಿನ ಒಳಗೆ ಆಗಬೇಕು. ಏನಾದರೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಕೊನೆಯದು ಗೆಳೆಯ ಹಟ ಮಾಡಿ ಸೇರಿಸಿದ್ದು: ಬೇಡಿಕೊಳ್ಳದೆ ಸುಮ್ನೆ ಇದ್ದಿದ್ದರೂ ಇದು ಆಗುವ ಸಾಧ್ಯತೆ ಎಷ್ಟು ಅಂತ ನನ್ನ ಪ್ರಾಮಾಣಿಕ ಅಂದಾಜು.

ಮೊದಲ ಪುಟದಲ್ಲೇ ಕೈ ನಿಂತಿತು. ತಾರೀಖು ಬರೆಯಲು ಆಗಲಿಲ್ಲ. ಬೇಡಿಕೆ ಬರೆಯೋದು ಸುಲಭವಾಗಿತ್ತು, ಗಡುವು ಬರೆಯುವಾಗ ಎದೆಯಲ್ಲಿ ಏನೋ ಅಳುಕು. ದೇವರಿಗೆ ಗಡುವು ಕೊಡೋದಾ? ಪರೀಕ್ಷೆ ಮಾಡೋದಾ? ಹಾಗೆ ಮಾಡಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ನಿನ್ನ ದೇವರನ್ನು ಪರೀಕ್ಷಿಸಬೇಡ ಅಂತ ಬೈಬಲ್ಲಿನಲ್ಲಿ ನೇರವಾಗಿಯೇ ಇದೆ. ಆದರೆ ಅದೇ ಬೈಬಲ್ಲಿನಲ್ಲಿ ಗಿದ್ಯೋನನ ಕಥೆಯೂ ಇದೆ, ಅದನ್ನು ಆಗ ಮತ್ತೆ ಓದಿ ಬೆರಗಾದೆ. ಅವನು ಕಣದಲ್ಲಿ ಉಣ್ಣೆ ಹರಡಿ, ಬೆಳಿಗ್ಗೆ ಉಣ್ಣೆ ಮಾತ್ರ ಇಬ್ಬನಿಯಲ್ಲಿ ನೆನೆದಿದ್ದು ನೆಲ ಒಣಗಿದ್ದರೆ ನಂಬುತ್ತೇನೆ ಅನ್ನುತ್ತಾನೆ. ಹಾಗೇ ಆಗುತ್ತದೆ. ಅಲ್ಲಿಗೆ ನಿಲ್ಲಿಸೋದಿಲ್ಲ. ಉಣ್ಣೆ ಇಬ್ಬನಿಯನ್ನು ತಾನಾಗಿಯೇ ಹೀರುತ್ತದಲ್ಲ ಅಂತ ಅನುಮಾನ ಬಂತೋ ಏನೋ, ಮರುದಿನ ಉಲ್ಟಾ ಕೇಳುತ್ತಾನೆ: ಈ ಸಲ ಉಣ್ಣೆ ಒಣಗಿರಲಿ, ನೆಲ ನೆನೆದಿರಲಿ. ಪ್ರಯೋಗದಲ್ಲಿ ಹೋಲಿಸಿ ನೋಡುವುದು ಅಂದರೆ ಇದೇ ಅಲ್ವಾ? ದೇವರೂ ಅವನ ಮೇಲೆ ಸಿಟ್ಟಾಗುವುದಿಲ್ಲ. ಗಿದ್ಯೋನನಿಗೆ ಸಿಕ್ಕ ರಿಯಾಯಿತಿ ನನಗೂ ಸಿಗಲಿ ಅಂತ ತಾರೀಖು ಬರೆದೆ.

ಎರಡನೆಯ ಅಡ್ಡಿ ಇನ್ನೂ ವಿಚಿತ್ರವಾಗಿತ್ತು. ನನ್ನ ಬೇಡಿಕೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಆಯಿತೋ ಇಲ್ಲವೋ ಅಂತ ನೋಡಲು ಸಾಧ್ಯವೇ ಇಲ್ಲದಂಥವು. ಎಲ್ಲರನ್ನೂ ಚೆನ್ನಾಗಿಡು. ಒಳ್ಳೆ ಬುದ್ಧಿ ಕೊಡು. ಮನಸ್ಸಿಗೆ ನೆಮ್ಮದಿ ಕೊಡು. "ಏನಾದರೆ ಆಯಿತು" ಅನ್ನುವ ಜಾಗದಲ್ಲಿ ಬರೆಯಲು ಏನೂ ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ಇದನ್ನೇ ಬೇಡಿಕೊಂಡು, ಇದೇ ಫಲಿಸಿತು ಅಂತಲೂ ಅಂದುಕೊಂಡಿದ್ದೆ. ಏನು ಫಲಿಸಿತು ಅಂತ ಕೇಳಿದ್ದರೆ ಬಾಯಿ ಬರುತ್ತಿರಲಿಲ್ಲ.

ಬರೆಯಲು ಆದವುಗಳಿಗೆ ಏನಾಯಿತು ಅಂತ ಕೇಳಬಹುದು. ಹಲವು ಆದವು, ಹಲವು ಆಗಲಿಲ್ಲ. ಕೆಲಸಕ್ಕೆ ಸಂಬಂಧಿಸಿದ್ದು, ಮನೆಯವರ ಆರೋಗ್ಯ, ಯಾರದೋ ಪರೀಕ್ಷೆ, ಕಳೆದುಹೋದ ವಸ್ತು, ಇಂಥವೇ. ಆದವುಗಳಲ್ಲಿ ಬಹುಪಾಲು ಕೊನೆಯ ಅಂಕಣದಲ್ಲಿ "ಹೇಗಿದ್ದರೂ ಆಗುತ್ತೆ" ಅಂತ ನಾನೇ ಬರೆದುಕೊಂಡಿದ್ದವು. "ಕಷ್ಟ ಇದೆ" ಅಂತ ಬರೆದವು ಹೆಚ್ಚಾಗಿ ಆಗಲಿಲ್ಲ. ಅಂದರೆ ನನ್ನ ಪ್ರಾರ್ಥನೆಗಿಂತ ನನ್ನ ಅಂದಾಜೇ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಇದಕ್ಕಿಂತ ಹೆಚ್ಚು ಕಲಿಸಿದ್ದು ಆಗದೆ ಹೋದಾಗ ನನ್ನ ತಲೆ ಮಾಡುತ್ತಿದ್ದ ಕೆಲಸ. ಗಡುವು ಮುಗಿದ ದಿನ ಪುಟ ತೆರೆದು "ಆಗಲಿಲ್ಲ" ಅಂತ ಬರೆಯಬೇಕು, ಅಷ್ಟೇ. ಆದರೆ ಆ ಒಂದು ಪದದ ಪಕ್ಕ ನಾನು ಎಷ್ಟು ಬರೆಯುತ್ತಿದ್ದೆ ಅಂದರೆ ಅಂಚಿನಲ್ಲಿ ಜಾಗವೇ ಸಾಲುತ್ತಿರಲಿಲ್ಲ. ಇನ್ನೂ ಸಮಯ ಬಂದಿಲ್ಲ. ಬೇರೆ ರೂಪದಲ್ಲಿ ಆಗಿದೆ. ಆಗದೇ ಇದ್ದದ್ದೇ ಒಳ್ಳೆಯದಾಯಿತು. ನನ್ನ ಮನಸ್ಸು ಆವತ್ತು ಸರಿಯಾಗಿ ನಿಂತಿರಲಿಲ್ಲ. ಕೇಳಿದ್ದು ಕೊಟ್ಟರೆ ದೇವರು ಇದ್ದಾನೆ, ಕೊಡದಿದ್ದರೆ ಕಾಯಿಸುತ್ತಿದ್ದಾನೆ, ಕೊನೆಗೂ ಕೊಡದಿದ್ದರೆ ನನ್ನ ಒಳಿತನ್ನು ನನಗಿಂತ ಚೆನ್ನಾಗಿ ಬಲ್ಲ. ಏನೇ ಆಗಲಿ, ಯಾವ ಪುಟವೂ ನನ್ನ ನಂಬಿಕೆಗೆ ವಿರುದ್ಧ ಹೋಗುವಂತಿರಲಿಲ್ಲ. ಮೊದಮೊದಲು ಇದು ನಂಬಿಕೆಯ ಶಕ್ತಿ ಅನ್ನಿಸಿತು. ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1934ರಲ್ಲಿ ಬರೆದದ್ದು ಇದಕ್ಕೆ ಸರಿಯಾಗಿ ಉಲ್ಟಾ: ಯಾವ ಘಟನೆಯಿಂದಲೂ ಸುಳ್ಳಾಗದ ಮಾತು ವಿಜ್ಞಾನದ ಮಾತಲ್ಲ. ಅದು ಸುಳ್ಳು ಅಂತ ಅವರು ಹೇಳಲಿಲ್ಲ, ಅರ್ಥವಿಲ್ಲದ್ದು ಅಂತಲೂ ಹೇಳಲಿಲ್ಲ. ಆದರೆ ಅದು ಲೋಕದ ಬಗ್ಗೆ ಏನನ್ನೂ ಮುಂಚಿತವಾಗಿ ಹೇಳುತ್ತಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ಆ ಅಂಚಿನ ಬರಹ ನೋಡಿದ ಮೇಲೆ.

ಪಾರಿವಾಳಗಳ ಪ್ರಯೋಗವನ್ನೂ ಆಗಲೇ ಓದಿದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ್ದು. ಹಸಿದ 8 ಪಾರಿವಾಳಗಳು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಸಮಯಕ್ಕೊಮ್ಮೆ ತಾನಾಗಿಯೇ ಕಾಳು ಬರುವ ವ್ಯವಸ್ಥೆ. ಸ್ವಲ್ಪ ಸಮಯದಲ್ಲೇ 6 ಪಾರಿವಾಳಗಳು ವಿಚಿತ್ರ ನಡವಳಿಕೆ ಶುರು ಮಾಡಿದವು. ಒಂದು ಗಿರಗಿರ ಸುತ್ತುತ್ತಿತ್ತು, ಇನ್ನೊಂದು ಪಂಜರದ ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದಾಗ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತು ಅಂತ ಅವು ಕಲಿತವು ಅನ್ನೋದು ಸ್ಕಿನ್ನರ್ ವಿವರಣೆ. ಓದಿ ನನ್ನನ್ನೇ ನೋಡಿದ ಹಾಗಾಯಿತು. ಆದರೆ ಇಲ್ಲೊಂದು ಮಾತು ಸೇರಿಸಬೇಕು, ಯಾಕೆಂದರೆ ಈ ಪ್ರಯೋಗವನ್ನು ನಂಬಿಕೆಯವರನ್ನು ಗೇಲಿ ಮಾಡಲು ಬಳಸುವವರು ಇದನ್ನು ಹೇಳೋದಿಲ್ಲ. 1971ರಲ್ಲಿ ಸ್ಟಾಡನ್ ಮತ್ತು ಸಿಮೆಲ್‌ಹ್ಯಾಗ್ ಅನ್ನುವ ಸಂಶೋಧಕರು ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ಮಾಡಿ ನೋಡಿದರು. ಆ ನಡವಳಿಕೆಗಳಲ್ಲಿ ಬಹಳಷ್ಟು ಕಾಳಿಗಾಗಿ ಕಾಯುವ ಹಕ್ಕಿ ಸಹಜವಾಗಿ ಮಾಡುವಂಥವೇ ಅಂತ ಕಂಡರು, ಸ್ಕಿನ್ನರ್ ವಿವರಣೆಯನ್ನು ಪ್ರಶ್ನಿಸಿದರು. ಸ್ಕಿನ್ನರ್ ದೊಡ್ಡವರು ಅಂತ ಯಾರೂ ಸುಮ್ಮನಿರಲಿಲ್ಲ. ಈ ಒಂದು ವಿಷಯ ನನ್ನ ಮನಸ್ಸಿನಲ್ಲಿ ಪಾರಿವಾಳಗಳಿಗಿಂತ ಜಾಸ್ತಿ ದಿನ ಉಳಿಯಿತು.

ಹೀಗೆ ನಡೆಯುತ್ತಿರುವಾಗ ಅಮ್ಮನಿಗೆ ಹೃದಯದ ಆಪರೇಷನ್ ಆಗಬೇಕು ಅಂದರು.

ನೋಟ್‌ಬುಕ್ ತೆರೆಯಲಿಲ್ಲ. ತೆರೆಯಬೇಕು ಅಂತ ಅನ್ನಿಸಲೂ ಇಲ್ಲ. ವೈದ್ಯರು ಅಪಾಯದ ಪ್ರಮಾಣ ಹೇಳಿದರು, ನೂರರಲ್ಲಿ ಇಷ್ಟು ಜನ ಅಂತ. ಆ ಅಂಕಿ ಚಿಕ್ಕದೇ ಇತ್ತು, ಆದರೆ ಆ ನೂರರಲ್ಲಿ ಅಮ್ಮ ಎಲ್ಲಿದ್ದಾರೆ ಅಂತ ಯಾವ ಲೆಕ್ಕವೂ ಹೇಳೋದಿಲ್ಲ. ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಬೇಡಿಕೊಂಡೆ. ಗಡುವಿಲ್ಲ, ಅಂಕಣವಿಲ್ಲ. ಬೇಡಿಕೊಳ್ಳುವಾಗ ಒಳಗೆ ಇನ್ನೊಬ್ಬ ಕೂತು "ಇದನ್ನು ಬರೆದುಕೊಂಡೆಯಾ?" ಅಂತ ಕೇಳುತ್ತಿದ್ದ. ಅವನಿಗೆ ಸುಮ್ಮನಿರು ಅಂದೆ.

ಆ ದಿನಗಳಲ್ಲೇ, ಕಾಯುವಾಗ ಮೊಬೈಲಿನಲ್ಲಿ ಓದುತ್ತಾ, ಪ್ರಾರ್ಥನೆ ಮತ್ತು ಹೃದಯದ ಆಪರೇಷನ್ ಬಗ್ಗೆಯೇ ನಡೆದ ಒಂದು ದೊಡ್ಡ ಅಧ್ಯಯನ ಸಿಕ್ಕಿತು. ಹರ್ಬರ್ಟ್ ಬೆನ್ಸನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಅಮೆರಿಕದ 6 ಆಸ್ಪತ್ರೆಗಳು, ಬೈಪಾಸ್ ಮಾಡಿಸಿಕೊಳ್ಳುವ 1,802 ರೋಗಿಗಳು, ಮೂರು ಗುಂಪು. ಎರಡು ಗುಂಪುಗಳಿಗೆ "ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು" ಅಂತ ಹೇಳಿದ್ದರು. ಅದರಲ್ಲಿ ಒಂದು ಗುಂಪಿಗೆ ನಿಜವಾಗಿ ಪ್ರಾರ್ಥನೆ ನಡೆಯಿತು, ಇನ್ನೊಂದಕ್ಕೆ ಇಲ್ಲ. ಮೂರನೆಯ ಗುಂಪಿಗೆ ಖಂಡಿತ ನಡೆಯುತ್ತದೆ ಅಂತ ಹೇಳಿ, ಹಾಗೇ ನಡೆಸಿದರು. ಪ್ರಾರ್ಥನೆ ಮಾಡಿದವರು ಬೇರೆ ಕಡೆಯ ಅಪರಿಚಿತರು. ಆಪರೇಷನ್ ನಂತರ ಏನಾದರೂ ತೊಡಕು ಕಾಣಿಸಿಕೊಂಡವರು: ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇಕಡ 52, ಪಡೆಯದವರಲ್ಲಿ ಶೇಕಡ 51. ಅಂದರೆ ವ್ಯತ್ಯಾಸವೇ ಇಲ್ಲ. ಖಂಡಿತ ನಡೆಯುತ್ತದೆ ಅಂತ ಗೊತ್ತಿದ್ದವರಲ್ಲಿ ಶೇಕಡ 59.

ಕೊನೆಯ ಅಂಕಿ ನೋಡಿ ಮೊಬೈಲ್ ಕೆಳಗಿಟ್ಟೆ. ಅದು ಆಕಸ್ಮಿಕ ಇರಬಹುದು. "ನನಗೋಸ್ಕರ ಇಷ್ಟು ಜನ ಪ್ರಾರ್ಥನೆ ಮಾಡ್ತಿದ್ದಾರೆ ಅಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ" ಅನ್ನುವ ಆತಂಕವೂ ಇರಬಹುದು. ಒಂದು ಅಧ್ಯಯನದಿಂದ ಪ್ರಾರ್ಥನೆ ಕೆಡುಕು ಮಾಡುತ್ತದೆ ಅನ್ನೋದು ತಪ್ಪು. ಆದರೂ ಆ ಹೊತ್ತಿಗೆ ನನಗಿದ್ದ ಪ್ರಶ್ನೆ ತುಂಬಾ ಚಿಕ್ಕದು, ತುಂಬಾ ಅವಸರದ್ದು: ನಿನಗಾಗಿ ಬೇಡಿಕೊಳ್ಳುತ್ತಿದ್ದೇನೆ ಅಂತ ಅಮ್ಮನಿಗೆ ಹೇಳಬೇಕಾ, ಬೇಡವಾ?

ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟೆ. ನೋಟ್‌ಬುಕ್ ವಿಷಯ, ಅಂಕಣಗಳು, ಈ ಅಧ್ಯಯನ, ಎಲ್ಲ. ಅಮ್ಮ ಮಲಗಿದ್ದಲ್ಲೇ ಕೇಳಿಸಿಕೊಂಡರು. "ಕೇಳಿದ್ದನ್ನೆಲ್ಲ ಕೊಡ್ತಾನೆ ಅಂತ ನಾನು ಯಾವತ್ತು ಕೂತಿದ್ದೆನೋ? ಭಯ ಆಗುತ್ತಲ್ಲ, ಅದಕ್ಕೆ ಕೂತ್ಕೋತೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೊಡೋದಾಗಿದ್ರೆ ನಿಮ್ಮಪ್ಪ ಇರ್ತಿದ್ರಲ್ಲ" ಅಂದರು.

ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ. ನಾನು ಅಮ್ಮನ ಭಕ್ತಿಯನ್ನು ಏನೋ ಒಂದು ವ್ಯವಹಾರ ಅಂದುಕೊಂಡಿದ್ದೆ, ಬೇಡು, ಪಡೆ, ಅಂತ. ಅವರ ಲೆಕ್ಕದಲ್ಲಿ ದೇವರು ಯಾವತ್ತೋ ಸೋತಿದ್ದ. ಆದರೂ ಅವರು ಕೂರೋದನ್ನು ಬಿಟ್ಟಿರಲಿಲ್ಲ. ನನ್ನ ಪುಸ್ತಕದಲ್ಲಿ ಅಮ್ಮನ ಪ್ರಾರ್ಥನೆಗೆ ಜಾಗವೇ ಇರಲಿಲ್ಲ, ಯಾಕೆಂದರೆ ಅವರು ಏನನ್ನೂ ಕೇಳುತ್ತಿರಲಿಲ್ಲ.

ಆಪರೇಷನ್ ಸರಿಯಾಗಿ ಆಯಿತು, ಚೇತರಿಕೆ ನಿಧಾನವಾಗಿತ್ತು. ನೋಡಲು ಬಂದ ನೆಂಟರು ದೇವರು ದೊಡ್ಡವನು ಅಂದರು. ಗೆಳೆಯ ಬಂದು, ವೈದ್ಯರು ದೊಡ್ಡವರು ಅಂದ. ಇಬ್ಬರಿಗೂ ತಲೆಯಾಡಿಸಿದೆ, ವಾದ ಮಾಡುವ ತ್ರಾಣ ಇರಲಿಲ್ಲ. ಆದರೆ ನೆಂಟರ ಪೈಕಿ ಒಬ್ಬರು ಇನ್ನೂ ಮುಂದೆ ಹೋಗಿ, ಇದಕ್ಕೆಲ್ಲ ಕತ್ತರಿ ಹಾಕಿಸುವ ಅಗತ್ಯವೇ ಇರಲಿಲ್ಲ, ಭಕ್ತಿ ಗಟ್ಟಿಯಾಗಿದ್ದರೆ ತಾನಾಗಿಯೇ ಹೋಗುತ್ತಿತ್ತು ಅಂದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ಯಾಕೆಂದರೆ ಆ ಮಾತು ನಂಬಿ ಚಿಕಿತ್ಸೆ ಮುಂದೂಡಿದ ಒಬ್ಬರನ್ನು ನಾವು ಮನೆಯಲ್ಲೇ ಕಳೆದುಕೊಂಡಿದ್ದೇವೆ. ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿತ್ತು. ಅಂಥ ಮಾತನ್ನು ಪಾಪರ್ ಹೇಳಿದ ಗುಂಪಿಗೆ ಸೇರಿಸಬೇಡಿ. ಅದು ಲೋಕದ ಬಗ್ಗೆ ಹೇಳಿದ ಸ್ಪಷ್ಟವಾದ ಮಾತು. ಪರೀಕ್ಷೆ ಮಾಡಬಹುದು, ಮಾಡಿಯಾಗಿದೆ, ಸುಳ್ಳು ಅಂತ ಗೊತ್ತಾಗಿದೆ. "ಅದು ಅವರವರ ನಂಬಿಕೆ" ಅಂತ ಬಿಟ್ಟುಬಿಡುವ ಸೌಜನ್ಯವನ್ನು ಅಲ್ಲಿ ತೋರಿಸಲು ನಾನು ಸಿದ್ಧನಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ನೋಟ್‌ಬುಕ್ ಮತ್ತೆ ತೆಗೆದೆ. ಈ ಸಲ ಬೇರೆ ಆಲೋಚನೆ ಬಂತು. ದೇವರನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳುವವನು ವಿಜ್ಞಾನದ ವಿಷಯಕ್ಕೆ ಬಂದಾಗ ಏನು ಮಾಡುತ್ತಿದ್ದೇನೆ? ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತ ನಂಬುತ್ತೇನೆ. ಯಾಕೆ? ಪಾಠದಲ್ಲಿ ಹೇಳಿದರು. ವಸ್ತುಗಳು ಪರಮಾಣುಗಳಿಂದ ಆಗಿವೆ, ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಎಲ್ಲವೂ ಯಾರೋ ಹೇಳಿದ್ದೇ. ದೊಡ್ಡವರು ಹೇಳಿದ್ದನ್ನು ಕಣ್ಣು ಮುಚ್ಚಿ ಒಪ್ಪಿದ್ದೇನೆ, ಬರೀ ದೊಡ್ಡವರನ್ನು ಬದಲಾಯಿಸಿದ್ದೇನೆ ಅಷ್ಟೇ ಅಂತ ಯಾರಾದರೂ ಅಂದರೆ?

ಒಂದನ್ನಾದರೂ ನಾನೇ ನೋಡಬೇಕು ಅನ್ನಿಸಿತು. ದುಡ್ಡಿಲ್ಲದೆ, ಉಪಕರಣ ಇಲ್ಲದೆ ಮಾಡುವಂಥದ್ದು ಒಂದಿದೆ. ಕಿಟಕಿಯ ಪಕ್ಕ ಗೋಡೆಯ ಮೇಲೆ ಒಂದು ಗುರುತು ಮಾಡಿ, ಅದಕ್ಕೆ ತಲೆ ಒರಗಿಸಿ, ಒಂದು ಪ್ರಕಾಶಮಾನ ನಕ್ಷತ್ರ ಎದುರಿನ ಕಟ್ಟಡದ ಅಂಚಿಗೆ ಸರಿದು ಮರೆಯಾಗುವ ಸಮಯವನ್ನು ಬರೆದುಕೊಳ್ಳಬೇಕು. ಗ್ರಹ ಆಗಬಾರದು, ನಕ್ಷತ್ರವೇ ಆಗಬೇಕು, ಗ್ರಹಗಳು ತಮ್ಮ ಪಾಡಿಗೆ ಜಾಗ ಬದಲಾಯಿಸುತ್ತಿರುತ್ತವೆ. ಮರುದಿನ ಅದೇ ಜಾಗದಿಂದ ನೋಡಿದರೆ ನಕ್ಷತ್ರ ಸುಮಾರು 4 ನಿಮಿಷ ಮೊದಲೇ ಮರೆಯಾಗಬೇಕು. ಅದರ ಮರುದಿನ ಇನ್ನೂ 4 ನಿಮಿಷ ಮೊದಲು. ಯಾಕೆಂದರೆ ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ತನ್ನ ಸುತ್ತ ಒಂದು ಸಲ ತಿರುಗಲು ಬೇಕಾಗುವುದು 23 ಗಂಟೆ 56 ನಿಮಿಷ. ಉಳಿದ 4 ನಿಮಿಷ, ಭೂಮಿ ಸೂರ್ಯನ ಸುತ್ತ ಒಂದಿಷ್ಟು ಮುಂದೆ ಸಾಗಿರುವುದರಿಂದ ಸೂರ್ಯನನ್ನು ಮತ್ತೆ ಅದೇ ಜಾಗದಲ್ಲಿ ಕಾಣಲು ಬೇಕಾಗುವ ಹೆಚ್ಚುವರಿ ಸಮಯ.

ಮೋಡ ಬಂದು ಕೆಲವು ರಾತ್ರಿ ವ್ಯರ್ಥವಾದವು. ಆದರೆ ನಕ್ಷತ್ರ ಹೇಳಿದ ಸಮಯಕ್ಕೆ ಹೋಯಿತು. ಒಂದು ರಾತ್ರಿ ಮೊದಲೇ ಲೆಕ್ಕ ಹಾಕಿ, ಗಡಿಯಾರ ನೋಡುತ್ತಾ ಈಗ ಹೋಗಬೇಕು ಅಂದುಕೊಂಡೆ, ಹೋಯಿತು. ಮೈ ಜುಮ್ಮೆಂದಿತು. ನಿಜ ಹೇಳಬೇಕೆಂದರೆ, ಆ ಹೊತ್ತಿನ ಮನಸ್ಸಿಗೂ ಭಕ್ತಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಗೊತ್ತಾದ ತಮಾಷೆ ಏನೆಂದರೆ, ನಾನು ನೋಡಿದ್ದರಿಂದ ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತ ಸಾಬೀತಾಗೋದೇ ಇಲ್ಲ! ಸೂರ್ಯನೇ ನಕ್ಷತ್ರಗಳ ನಡುವೆ ವರ್ಷಕ್ಕೊಂದು ಸುತ್ತು ಬರುತ್ತಾನೆ ಅಂದರೂ ಅದೇ 4 ನಿಮಿಷ ಬರುತ್ತದೆ. ಭೂಮಿ ನಿಜವಾಗಿ ಚಲಿಸುತ್ತಿದೆ ಅನ್ನುವುದಕ್ಕೆ ನೇರ ಪುರಾವೆ ಸಿಕ್ಕಿದ್ದು ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿಗೆ. ನಕ್ಷತ್ರಗಳ ಬೆಳಕು ಭೂಮಿಯ ವೇಗದಿಂದಾಗಿ ಸ್ವಲ್ಪ ಓರೆಯಾಗಿ ಬಂದಂತೆ ಕಾಣುತ್ತದೆ ಅಂತ ಅವರು 1729ರಲ್ಲಿ ಪ್ರಕಟಿಸಿದರು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂದ ಕೋಪರ್ನಿಕಸ್ ಪುಸ್ತಕ ಬಂದದ್ದು 1543ರಲ್ಲಿ. ಮಧ್ಯದ ಸುಮಾರು 190 ವರ್ಷ, ಒಪ್ಪಿದವರೆಲ್ಲ ನೇರ ಪುರಾವೆ ಇಲ್ಲದೆಯೇ ಒಪ್ಪಿದ್ದರು. ಗೆಲಿಲಿಯೊ ಭೂಮಿಯ ಚಲನೆಗೆ ದೊಡ್ಡ ಪುರಾವೆ ಅಂತ ಮುಂದಿಟ್ಟದ್ದು ಸಮುದ್ರದ ಉಬ್ಬರ ಇಳಿತಗಳನ್ನು, ಆ ವಾದವೇ ತಪ್ಪು. 1633ರಲ್ಲಿ ಚರ್ಚು ಅವರನ್ನು ಶಿಕ್ಷಿಸಿದಾಗ ಅವರ ತೀರ್ಮಾನ ಸರಿ ಇತ್ತು, ಅತಿ ಮುಖ್ಯ ಅಂದುಕೊಂಡಿದ್ದ ಕಾರಣ ತಪ್ಪಿತ್ತು. ಶುಕ್ರ ಗ್ರಹದ, ಚಂದ್ರನದ್ದರ ಹಾಗಿನ, ವೃದ್ಧಿ ಕ್ಷಯದಂಥ ಒಳ್ಳೆಯ ಸುಳಿವುಗಳೂ ಅವರ ಕೈಯಲ್ಲಿದ್ದವು, ಆದರೆ ಅವು ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಅನ್ನುವ ಹಳೆಯ ಲೆಕ್ಕ ತಪ್ಪು ಅಂತ ತೋರಿಸುತ್ತಿದ್ದವೇ ಹೊರತು ಭೂಮಿ ಚಲಿಸುತ್ತದೆ ಅಂತ ಪೂರ್ತಿಯಾಗಿ ತೋರಿಸುತ್ತಿರಲಿಲ್ಲ.

ಹಾಗಾದರೆ ವಿಜ್ಞಾನವೂ ಒಂದು ನಂಬಿಕೆಯೇ ಅಲ್ವಾ ಅಂತ ಇಲ್ಲಿ ಕೆಲವರು ಖುಷಿಯಿಂದ ಕೇಳುತ್ತಾರೆ. ನಾನೂ ಒಂದೆರಡು ವಾರ ಹಾಗೇ ಅಂದುಕೊಂಡೆ. ಆ ಗೊಂದಲ ಬಿಡಿಸಿದ್ದು ಲೆ ವೆರಿಯೆ ಅನ್ನುವ ಫ್ರೆಂಚ್ ಖಗೋಳಜ್ಞನ ಕಥೆ. ಯುರೇನಸ್ ಲೆಕ್ಕಕ್ಕೆ ಸರಿಯಾಗಿ ಚಲಿಸುತ್ತಿರಲಿಲ್ಲ. ಕಾಣದ ಗ್ರಹ ಒಂದು ಅದನ್ನು ಎಳೆಯುತ್ತಿರಬೇಕು ಅಂತ ಅವರು ಕಾಗದದ ಮೇಲೆ ಲೆಕ್ಕ ಹಾಕಿ ಅದು ಎಲ್ಲಿರಬೇಕು ಅಂತ ಬರ್ಲಿನ್ನಿಗೆ ಪತ್ರ ಬರೆದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನವರು ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ 1 ಡಿಗ್ರಿಯ ಒಳಗೇ ನೆಪ್ಚೂನ್ ಸಿಕ್ಕಿತು. ನನ್ನ ನೋಟ್‌ಬುಕ್ಕಿನ ಎಲ್ಲ ಅಂಕಣಗಳೂ ತುಂಬಿದ ಪುಟ ಅಂದರೆ ಇದು. ಆಮೇಲೆ ಬುಧ ಗ್ರಹದ ಚಲನೆಯಲ್ಲೂ ಚೂರು ಹೆಚ್ಚುಕಡಿಮೆ ಕಂಡಿತು. ಲೆ ವೆರಿಯೆ ಮತ್ತೆ ಅದೇ ವಿಧಾನ ಹಿಡಿದು, ಸೂರ್ಯನ ಹತ್ತಿರ ಕಾಣದ ಗ್ರಹ ಇರಬೇಕು ಅಂದರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ನೋಡಿದೆವು ಅಂದವರೂ ಇದ್ದರು. ಆದರೆ ವಲ್ಕನ್ ಇರಲೇ ಇಲ್ಲ. ಬುಧನ ಆ ಚೂರು ವ್ಯತ್ಯಾಸವನ್ನು ವಿವರಿಸಲು ಕೊನೆಗೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆಯಬೇಕಾಯಿತು. ಲೆ ವೆರಿಯೆ ವಲ್ಕನ್ ಇದೆ ಅಂತ ನಂಬಿಕೊಂಡೇ 1877ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ನೆಪ್ಚೂನ್ ಸಿಕ್ಕಿದ ಅದೇ ತಾರೀಖು. (ಇದು ಕಾಕತಾಳೀಯ, ಅಷ್ಟೇ. ಹಳೆಯ ನಾನಾಗಿದ್ದರೆ ಇದರಿಂದ ಏನೇನು ಹುಟ್ಟಿಸುತ್ತಿದ್ದೆನೋ!)

ಒಬ್ಬನೇ ಮನುಷ್ಯ, ಒಂದೇ ಬುದ್ಧಿ, ಒಂದೇ ವಿಧಾನ. ಒಂದು ಸಲ ಗೆದ್ದರು, ಒಂದು ಸಲ ಸೋತರು. ವೈಯಕ್ತಿಕವಾಗಿ ಅವರಿಗೆ ವಲ್ಕನ್ ಬಿಡಲು ಆಗಲಿಲ್ಲ, ನನ್ನ ಅಂಚಿನ ಬರಹದ ಹಾಗೆಯೇ. ಆದರೆ ಖಗೋಳ ವಿಜ್ಞಾನ ಬಿಟ್ಟಿತು. ನೆಪ್ಚೂನ್ ಕೊಟ್ಟ ಮಹಾನುಭಾವರು ಅನ್ನುವ ಗೌರವ ವಲ್ಕನ್ನನ್ನು ಉಳಿಸಲಿಲ್ಲ. 2011ರಲ್ಲಿ ಇಟಲಿಯ ಒಂದು ಪ್ರಯೋಗದಲ್ಲಿ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊ ಸೆಕೆಂಡ್ ಮೊದಲೇ ಬಂದಂತೆ ಕಂಡಾಗಲೂ ಆ ತಂಡ ಮಾಡಿದ್ದು ಅದೇ: ನಮ್ಮ ಅಳತೆ ಇದು, ತಪ್ಪು ಎಲ್ಲಿದೆ ನೋಡಿ ಅಂತ ಎಲ್ಲರ ಮುಂದೆ ಇಟ್ಟರು. ಕೆಲವೇ ತಿಂಗಳಲ್ಲಿ ಸರಿಯಾಗಿ ಕೂರದ ಒಂದು ಕೇಬಲ್ ಸಿಕ್ಕಿತು. ನಾನು ವಿಜ್ಞಾನವನ್ನು ನಂಬುತ್ತೇನೆ ಅಂದರೆ ವಿಜ್ಞಾನಿಗಳನ್ನು ನಂಬುತ್ತೇನೆ ಅಂತಲ್ಲ. ಅವರ ಎದುರಾಳಿಗಳು ಸುಮ್ಮನೆ ಕೂರೋದಿಲ್ಲ ಅನ್ನೋದನ್ನು ನಂಬುತ್ತೇನೆ. ನನ್ನ ಪ್ರಾರ್ಥನೆಗೆ ಎದುರಾಳಿ ಇರಲಿಲ್ಲ, ನಾನೇ ನೇಮಿಸಬೇಕಾಯಿತು.

ಆ ಎದುರಾಳಿ ಗೆಳೆಯನ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ನೀನೂ ಒಂದು ನೋಟ್‌ಬುಕ್ ಇಡು, ಮುಂದೆ ಏನಾಗುತ್ತೆ ಅಂತ ನೀನು ದಿನಾ ಕೊಡುವ ತೀರ್ಪುಗಳನ್ನೆಲ್ಲ ತಾರೀಖು ಹಾಕಿ ಬರೆ ಅಂದೆ. ಯಾರ ಮದುವೆ ಮುರಿಯುತ್ತೆ, ಯಾವ ಕಂಪನಿ ಮುಳುಗುತ್ತೆ, ಅವನಿಗೆ ಎಲ್ಲದರ ಬಗ್ಗೆ ಖಚಿತ ಅಭಿಪ್ರಾಯ ಇತ್ತು. ಉತ್ಸಾಹದಿಂದ ಶುರು ಮಾಡಿದ. ಸ್ವಲ್ಪ ದಿನದಲ್ಲೇ "ಇದಕ್ಕೆಲ್ಲ ತಾರೀಖು ಹಾಕೋಕೆ ಆಗಲ್ಲಪ್ಪ" ಅಂತ ಬಿಟ್ಟುಬಿಟ್ಟ. ಅವನೂ ನಿಂತದ್ದು ಗಡುವಿನ ಅಂಕಣದಲ್ಲೇ. ನನಗೆ ಒಳಗೊಳಗೇ ಖುಷಿಯಾಯಿತು ಅನ್ನೋದನ್ನು ಮುಚ್ಚಿಡೋದಿಲ್ಲ.

ದೇವರ ನಂಬಿಕೆ, ವಿಜ್ಞಾನ ಎರಡನ್ನೂ ಇಟ್ಟುಕೊಂಡು ಬದುಕಿದವರ ಪೈಕಿ ನನಗೆ ಹಿಡಿಸಿದ್ದು ಜಾರ್ಜ್ ಲೆಮೈತ್ರ್. ಕ್ಯಾಥೊಲಿಕ್ ಪಾದ್ರಿ, ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದವರು, ಮಹಾಸ್ಫೋಟದ ಕಲ್ಪನೆಯ ಮೊದಲಿಗರು. 1951ರಲ್ಲಿ ಪೋಪ್ 12ನೇ ಪಯಸ್ ಈ ಸಿದ್ಧಾಂತವನ್ನು ಸೃಷ್ಟಿಗೆ ಪುರಾವೆ ಅನ್ನುವ ಹಾಗೆ ಮಾತಾಡಿದಾಗ ಲೆಮೈತ್ರ್ ಹಿಗ್ಗಲಿಲ್ಲ, ಮುಜುಗರಪಟ್ಟರು. ತಮ್ಮ ಲೆಕ್ಕ ದೇವರ ಪರವೂ ಅಲ್ಲ, ವಿರುದ್ಧವೂ ಅಲ್ಲ ಅನ್ನೋದು ಅವರ ನಿಲುವು. ಅದು ಪ್ರಾಮಾಣಿಕ ನಿಲುವು, ಯಾಕೆಂದರೆ ಗೆಲ್ಲುತ್ತಿರುವಾಗ ಅವರು ಹಾಗೆ ಹೇಳಿದರು. ಸಾಮಾನ್ಯವಾಗಿ ಜನ ವಿಜ್ಞಾನ ಬೇರೆ, ಧರ್ಮ ಬೇರೆ ಅನ್ನೋದು ಸೋಲುತ್ತಿರುವಾಗ. ಗೆಲ್ಲುವಂತೆ ಕಂಡರೆ, ನೋಡಿ ನಮ್ಮವರು ಮೊದಲೇ ಹೇಳಿದ್ದರು ಅಂತ ಶುರು ಮಾಡುತ್ತಾರೆ. ಇನ್ನು ಅಂಥ ದೊಡ್ಡ ವಿಜ್ಞಾನಿಯೇ ದೇವರನ್ನು ನಂಬಿದ್ದರು ಅನ್ನುವ ವಾದದ ಬಗ್ಗೆ ಹೇಳುವುದೇನೂ ಇಲ್ಲ. ನ್ಯೂಟನ್ ರಸವಿದ್ಯೆಯನ್ನೂ ನಂಬಿದ್ದರು.

ಈಗ ನೋಟ್‌ಬುಕ್ಕಿನಲ್ಲಿ ಬರೆಯೋದು ಬಹಳ ಕಡಿಮೆ. ಕೇಳುವುದೇ ಕಡಿಮೆಯಾಗಿದೆ. ಬರೆಯಬೇಕಾಗುತ್ತದೆ ಅನ್ನುವ ಭಯಕ್ಕೋ, ಕೇಳಿ ಪ್ರಯೋಜನ ಇಲ್ಲ ಅಂತಲೋ, ಎರಡೂ ಇರಬಹುದು. ಕಣ್ಣು ಮುಚ್ಚಿ ಕೂರುವುದು ಮಾತ್ರ ಬಿಟ್ಟಿಲ್ಲ, ಅಮ್ಮನ ಹಾಗೆ. ತುಂಬಾ ಹೆದರಿದಾಗ ಬೇಡಿಕೆಯೂ ಬಾಯಿಗೆ ಬರುತ್ತದೆ. ಆಮೇಲೆ ಏನಾದರೂ ಅದನ್ನು ಉತ್ತರ ಅಂತ ಕರೆಯೋದಿಲ್ಲ. ಯಾರಾದರೂ ನೀನು ಆಸ್ತಿಕನಾ, ನಾಸ್ತಿಕನಾ ಅಂತ ಕೇಳಿದರೆ, ಯಾವ ಮಾತಿನ ಬಗ್ಗೆ ಕೇಳುತ್ತಿದ್ದೀರಿ ಅಂತ ತಿರುಗಿ ಕೇಳುತ್ತೇನೆ. ಅವರಿಗೆ ಇದು ಜಾರಿಕೊಳ್ಳುವ ಉತ್ತರ ಅನ್ನಿಸುತ್ತದೆ. ಇರಲಿ.

ಬಗೆಹರಿಯದೆ ಉಳಿದಿರುವ ಒಂದು ತೊಡಕು ಬೇಡುವುದರದ್ದಲ್ಲ, ಕೃತಜ್ಞತೆಯದ್ದು. ಅಮ್ಮನ ಪರೀಕ್ಷೆಯ ವರದಿ ಚೆನ್ನಾಗಿ ಬಂದಾಗಲೆಲ್ಲ ಯಾರಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ. ವೈದ್ಯರಿಗೆ ಹೇಳಿಯಾಯಿತು, ನರ್ಸುಗಳಿಗೆ ಹೇಳಿಯಾಯಿತು. ತಮಗೆ ಯಾವ ಗುಂಪು ಬರುತ್ತದೆ ಅಂತ ಗೊತ್ತಿಲ್ಲದೆಯೇ ಆ ಅಧ್ಯಯನಕ್ಕೆ ಒಪ್ಪಿದ 1,802 ಜನರ ನೆನಪೂ ಬರುತ್ತದೆ. ಅಂಥ ಎಷ್ಟೋ ಜನ ಬೇರೆ ಬೇರೆ ಪರೀಕ್ಷೆಗಳಿಗೆ ಒಪ್ಪಿದ್ದರಿಂದಲೇ ಅಮ್ಮನ ಔಷಧಿಗಳು ಬಂದಿವೆ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೂ ಸ್ವಲ್ಪ ಮಿಗುತ್ತದೆ. ವಿಳಾಸ ಇಲ್ಲದ ಕಡೆ ಧನ್ಯವಾದ ಹೇಳೋದು ಪೆದ್ದುತನ ಅಂತ ಗೆಳೆಯ ಅನ್ನುತ್ತಾನೆ. ಅಮ್ಮನಿಗೆ ಇದು ಪ್ರಶ್ನೆಯೇ ಅಲ್ಲ. ನಾನು ಹೇಳಿಬಿಡುತ್ತೇನೆ. ಇದು ನಂಬಿಕೆಯಾ, ಬರೀ ಹಳೆಯ ಅಭ್ಯಾಸವಾ ಅಂತ ನೋಡಲು ಯಾವ ಅಂಕಣ ಎಳೆಯಬೇಕೋ ಇನ್ನೂ ಹೊಳೆದಿಲ್ಲ.